ರೋಲ್ ಕೇಜ್ ಕ್ರಶ್ ಟೆಸ್ಟ್ ಸಿಮ್ಯುಲೇಶನ್: ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ಯಾರ್ಥಿಗಳು ತಾವೇ ಕಟ್ಟಿದ ಗಾಡಿಯನ್ನು ಕಚ್ಚಾ ಹಾದಿಯಲ್ಲಿ ಓಡಿಸುವ ಬಾಹಾ ಸ್ಪರ್ಧೆಗೆ ಗಾಡಿ ಕಟ್ಟುವ ಎಂಜಿನಿಯರಿಂಗ್ ಕಾಲೇಜಿನ ತಂಡಗಳು, ರ‍್ಯಾಲಿ ಕಾರಿಗೆ ರೋಲ್ ಕೇಜ್ (ಗಾಡಿ ಉರುಳಿದರೂ ಒಳಗಿನವರನ್ನು ಕಾಯುವ ಉಕ್ಕಿನ ಪೈಪುಗಳ ಚೌಕಟ್ಟು) ಕೂರಿಸುವ ಗ್ಯಾರೇಜಿನವರು, ಟ್ರ್ಯಾಕ್ಟರ್ ಮತ್ತು ಮಣ್ಣು ಅಗೆಯುವ ಯಂತ್ರಗಳಿಗೆ ರಕ್ಷಣಾ ಚೌಕಟ್ಟು ಮಾಡಿಕೊಡುವ ಪೀಣ್ಯದ ಸಣ್ಣ ಕಾರ್ಖಾನೆಗಳವರು, ಹೀಗೆ ಬೆಂಗಳೂರಿನಲ್ಲಿ ಮೂರು ಬಗೆಯ ಜನರೊಂದಿಗೆ ನಾನು ಕೆಲಸ ಮಾಡುತ್ತೇನೆ. ಚೌಕಟ್ಟನ್ನು ಒತ್ತಿ ನೋಡುವ ಪರೀಕ್ಷೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವ ಸಿಮ್ಯುಲೇಶನ್ ಬಗ್ಗೆ ಮೂವರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವುಗಳಿಗೆ ಇಲ್ಲಿ ಒಟ್ಟಿಗೆ ಉತ್ತರಿಸಿದ್ದೇನೆ. ಯಾವ ಸಾಫ್ಟ್‌ವೇರಿನಲ್ಲಿ ಯಾವ ಗುಂಡಿ ಒತ್ತಬೇಕೆಂಬುದು ಆಯಾ ಕೈಪಿಡಿಯಲ್ಲಿ ಸಿಗುತ್ತದೆ. ಗುಂಡಿ ಒತ್ತುವ ಮೊದಲು ಮತ್ತು ಒತ್ತಿದ ಮೇಲೆ ಯೋಚಿಸಬೇಕಾದ ಸಂಗತಿಗಳಷ್ಟೇ ಇಲ್ಲಿವೆ.

ಕ್ರಶ್ ಟೆಸ್ಟ್ ಎಂದರೆ ಗಾಡಿಯನ್ನು ಗೋಡೆಗೆ ಗುದ್ದಿಸುವುದೇ?

ಅಲ್ಲ. ಗುದ್ದಿಸುವುದು ಕ್ರ್ಯಾಶ್ ಟೆಸ್ಟ್, ಅದು ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಕ್ರಶ್ ಟೆಸ್ಟಿನಲ್ಲಿ ಹೈಡ್ರಾಲಿಕ್ ಜ್ಯಾಕಿನಿಂದ ಚೌಕಟ್ಟನ್ನು ನಿಧಾನವಾಗಿ ಒತ್ತಲಾಗುತ್ತದೆ. ಕಾರಿನ ಚಾವಣಿಯ ಪರೀಕ್ಷೆಗೆ ಅಮೆರಿಕದ ಎಫ್‌ಎಂವಿಎಸ್‌ಎಸ್ 216 ನಿಯಮವನ್ನೇ ನೋಡಿ: 1829 ಮಿ.ಮೀ. ಉದ್ದ, 762 ಮಿ.ಮೀ. ಅಗಲದ ಗಟ್ಟಿ ಫಲಕವನ್ನು ಪಕ್ಕಕ್ಕೆ 25 ಡಿಗ್ರಿ, ಮುಂದಕ್ಕೆ 5 ಡಿಗ್ರಿ ಓರೆಯಾಗಿಸಿ, ಸೆಕೆಂಡಿಗೆ 13 ಮಿ.ಮೀ. ಮೀರದ ವೇಗದಲ್ಲಿ ಚಾವಣಿಯ ಅಂಚಿನ ಮೇಲೆ ಇಳಿಸಬೇಕು. ಫಲಕ 127 ಮಿ.ಮೀ. ಚಲಿಸುವುದರೊಳಗೆ ಚಾವಣಿ ನಿಗದಿತ ಬಲವನ್ನು ತಡೆದು ತೋರಿಸಬೇಕು. ಮೊದಲು ಆ ಬಲ ವಾಹನದ ತೂಕದ ಒಂದೂವರೆ ಪಟ್ಟು ಇತ್ತು. 2009ರ ಪರಿಷ್ಕರಣೆಯಲ್ಲಿ 2722 ಕೆ.ಜಿ.ವರೆಗಿನ ಒಟ್ಟು ತೂಕದ ವಾಹನಗಳಿಗೆ ಅದನ್ನು ಮೂರು ಪಟ್ಟಿಗೆ ಏರಿಸಿ, ಒಂದೇ ವಾಹನದ ಎರಡೂ ಬದಿಯನ್ನು ಒಂದಾದ ಮೇಲೊಂದರಂತೆ ಪರೀಕ್ಷಿಸಬೇಕೆಂದು ಹೇಳಲಾಯಿತು. 1200 ಕೆ.ಜಿ.ಯ ಕಾರಿಗೆ ಇದು ಸುಮಾರು 35 ಕಿಲೋನ್ಯೂಟನ್ ಆಗುತ್ತದೆ.

ನಮ್ಮ ವಾಹನಕ್ಕೆ ಯಾವ ಪರೀಕ್ಷೆ ಅನ್ವಯಿಸುತ್ತದೆ?

ಇದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳದೆ ಮೆಶ್ (ಲೆಕ್ಕಕ್ಕಾಗಿ ಮಾದರಿಯನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಒಡೆದ ಜಾಲ) ಹಾಕಲು ಕೂರುವವರೇ ಹೆಚ್ಚು. ರ‍್ಯಾಲಿ ಕಾರಿನ ಕೇಜ್ ಆಗಿದ್ದರೆ ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎಯ ನಿಯಮ. ಅದರ ಹೋಮೊಲೊಗೇಶನ್ (ಅಧಿಕೃತ ಅನುಮೋದನೆ) ಪರೀಕ್ಷೆಯಲ್ಲಿ ಕಾರಿನ ತೂಕಕ್ಕೆ 150 ಕೆ.ಜಿ. ಸೇರಿಸಿ, ಬಂದ ಮೊತ್ತದ ಏಳೂವರೆ ಪಟ್ಟು ಬಲವನ್ನು ಮುಖ್ಯ ಕಮಾನಿನ (ಚಾಲಕನ ಬೆನ್ನ ಹಿಂದಿನ ಕಮಾನು) ತಲೆಯ ಮೇಲೆ, ಮೂರೂವರೆ ಪಟ್ಟು ಬಲವನ್ನು ಮುಂದಿನ ಕಮಾನಿನ ಮೇಲೆ ಹೇರಲಾಗುತ್ತದೆ. ಮುಖ್ಯ ಕಮಾನು 50 ಮಿ.ಮೀ.ಗಿಂತ ಹೆಚ್ಚು, ಮುಂದಿನದು 100 ಮಿ.ಮೀ.ಗಿಂತ ಹೆಚ್ಚು ಕುಸಿಯಬಾರದು, ಎಲ್ಲಿಯೂ ಮುರಿಯಬಾರದು. 1150 ಕೆ.ಜಿ.ಯ ಕಾರಾದರೆ ಮುಖ್ಯ ಕಮಾನಿನ ಮೇಲೆ ಬೀಳುವುದು ಸುಮಾರು 96 ಕಿಲೋನ್ಯೂಟನ್.

ಟ್ರ್ಯಾಕ್ಟರಿನದು ಬೇರೆಯೇ ಲೆಕ್ಕ. ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಘಟನೆಯ 4ನೇ ಸಂಹಿತೆಯಲ್ಲಿ ಅಡ್ಡ ಮತ್ತು ಉದ್ದದ ತಳ್ಳುವಿಕೆಗೆ ಬಲವನ್ನಲ್ಲ, ಶಕ್ತಿಯನ್ನು ಗುರಿಯಾಗಿ ಇಟ್ಟಿದ್ದಾರೆ. ದ್ರವ್ಯರಾಶಿ 2000 ಕೆ.ಜಿ. ಎಂದಿಟ್ಟುಕೊಂಡರೆ ಉದ್ದಕ್ಕೆ ತಳ್ಳಿದಾಗ ಚೌಕಟ್ಟು 2800 ಜೂಲ್ (ಕೆ.ಜಿ.ಗೆ 1.4), ಪಕ್ಕದಿಂದ ತಳ್ಳಿದಾಗ 3500 ಜೂಲ್ (ಕೆ.ಜಿ.ಗೆ 1.75) ನುಂಗಬೇಕು, ನಡುನಡುವೆ ಮೇಲಿನಿಂದ 40 ಕಿಲೋನ್ಯೂಟನ್ ಒತ್ತಡವನ್ನು ಹೊರಬೇಕು. ಇವೆಲ್ಲವೂ ಅದೇ ಚೌಕಟ್ಟಿನ ಮೇಲೆ, ನಡುವೆ ನೆಟ್ಟಗೆ ಮಾಡದೆ, ದುರಸ್ತಿ ಮಾಡದೆ ನಡೆಯಬೇಕು. ಆದ್ದರಿಂದ ಪ್ರತಿ ಹಂತವನ್ನೂ ಹೊಸ ಚೌಕಟ್ಟಿನಿಂದ ಆರಂಭಿಸಿ ನಾಲ್ಕು ಬೇರೆ ಬೇರೆ ಸಿಮ್ಯುಲೇಶನ್ ಓಡಿಸುವುದು ತಪ್ಪು. ಮೊದಲ ಹಂತದಲ್ಲಿ ಬಾಗಿದ ಆಕಾರ, ಒಳಗೆ ಉಳಿದ ಸ್ಟ್ರೆಸ್ (ಉಕ್ಕಿನೊಳಗಿನ ಬಿಗಿತ) ಮತ್ತು ಪ್ಲಾಸ್ಟಿಕ್ ಸ್ಟ್ರೇನ್ (ಮೊದಲಿನಂತಾಗದ ಹಿಗ್ಗುವಿಕೆ) ಎಲ್ಲವೂ ಎರಡನೆಯದಕ್ಕೆ ದಾಟಬೇಕು. ಮಣ್ಣು ಅಗೆಯುವ ಯಂತ್ರಗಳ ಐಎಸ್‌ಒ 3471ರಲ್ಲಿಯೂ ಹೀಗೆಯೇ: ಮೊದಲು ಪಕ್ಕ, ಆಮೇಲೆ ಮೇಲಿನಿಂದ, ಕೊನೆಗೆ ಉದ್ದಕ್ಕೆ. ಬಸ್ಸಿನ ಮೇಲ್ಕಟ್ಟಿಗೆ ನಮ್ಮಲ್ಲಿ ಎಐಎಸ್-031 ಎಂಬ ಮಾನದಂಡ ಇದೆ.

ಬಾಹಾ ತಂಡಗಳಿಗೆ ಜ್ಯಾಕ್ ಹಚ್ಚುವ ಪರೀಕ್ಷೆ ಇಲ್ಲ. ಅಲ್ಲಿ ಪೈಪಿನ ಲೆಕ್ಕ ಒಪ್ಪಿಸಬೇಕು.

ಬಾಹಾ ನಿಯಮದ ‘ಸಮಾನ ಪೈಪು’ ಎಂದರೇನು?

ನಿಯಮದ ಅಳತೆಗೋಲು 25.4 ಮಿ.ಮೀ. ಹೊರವ್ಯಾಸ, 3.05 ಮಿ.ಮೀ. ದಪ್ಪದ 1018 ಎಂಬ ದರ್ಜೆಯ ಉಕ್ಕಿನ ಪೈಪು. ಅದರ ಬಾಗುವ ಬಿಗುವು ಸುಮಾರು 2790 ನ್ಯೂಟನ್ ಚದರ ಮೀಟರ್, ಬಾಗುವ ಬಲ ಸುಮಾರು 391 ನ್ಯೂಟನ್ ಮೀಟರ್. ನೀವು ಆರಿಸುವ ಪೈಪು ಈ ಎರಡರಲ್ಲಿಯೂ ಕಡಿಮೆಯಾಗಬಾರದು. 31.75 ಮಿ.ಮೀ. ವ್ಯಾಸ, 1.6 ಮಿ.ಮೀ. ದಪ್ಪದ 4130 ದರ್ಜೆಯ ಉಕ್ಕಿನ ಪೈಪು ಬಿಗುವಿನಲ್ಲಿ ಸುಮಾರು 3540ಕ್ಕೆ ಏರುತ್ತದೆ. ತೂಕವಾದರೋ ಮೀಟರಿಗೆ 1.68 ಕೆ.ಜಿ.ಯಿಂದ 1.19 ಕೆ.ಜಿ.ಗೆ ಇಳಿಯುತ್ತದೆ. ಎಲ್ಲ ತಂಡಗಳೂ ಇದಕ್ಕೆ ಮನಸೋಲುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ವ್ಯಾಸವನ್ನು ದಪ್ಪದಿಂದ ಭಾಗಿಸಿದರೆ ಮೊದಲ ಪೈಪಿಗೆ 8, ಎರಡನೆಯದಕ್ಕೆ 20 ಬರುತ್ತದೆ. ಇಡೀ ಪೈಪು ಬಾಗುವ ಲೆಕ್ಕದಲ್ಲಿ ತೆಳು ಪೈಪು ಗೆದ್ದರೂ, ಒಂದೇ ಜಾಗದಲ್ಲಿ ಪೆಟ್ಟು ಬಿದ್ದಾಗ ಗೋಡೆ ಒಳಕ್ಕೆ ಕುಳಿಬೀಳುವ ಪ್ರವೃತ್ತಿ ಅದಕ್ಕೇ ಹೆಚ್ಚು. ನಿಯಮದ ಎರಡು ಸೂತ್ರಗಳಲ್ಲಿ ಇದು ಕಾಣುವುದಿಲ್ಲ. ಸಿಮ್ಯುಲೇಶನ್ ಬೇಕಾಗುವುದು ಇಲ್ಲಿಂದಲೇ.

ಬೀಮ್ ಎಲಿಮೆಂಟ್ ಸಾಕೇ, ಶೆಲ್ ಎಲಿಮೆಂಟ್ ಬೇಕೇ?

ವಿನ್ಯಾಸದ ಮೊದಲ ವಾರದಲ್ಲಿ ಬೀಮ್ ಸಾಕು. ಯಾವ ಪೈಪು ಎಲ್ಲಿಂದ ಎಲ್ಲಿಗೆ ಹೋಗಬೇಕು, ಓರೆಪಟ್ಟಿ ಯಾವ ಕಡೆಗೆ ಇರಬೇಕು ಎಂಬ ಪ್ರಶ್ನೆಗಳಿಗೆ ಅದು ನಿಮಿಷಗಳಲ್ಲಿ ಉತ್ತರ ಕೊಡುತ್ತದೆ. ಆದರೆ ಬೀಮ್ ಎಂಬುದು ಒಂದು ಗೆರೆ. ಅದರ ಅಡ್ಡಕೊಯ್ತ ಕೊನೆಯವರೆಗೂ ದುಂಡಾಗಿಯೇ ಇರುತ್ತದೆ. ನಿಜವಾದ ಪೈಪು ಬಾಗುವಾಗ ಮೊದಲು ಮೊಟ್ಟೆಯಾಕಾರಕ್ಕೆ ಚಪ್ಪಟೆಯಾಗಿ, ಆಮೇಲೆ ಒಳಮೈಯಲ್ಲಿ ಮಡಿಕೆ ಬಿದ್ದು, ಆ ಮಡಿಕೆ ಬಿದ್ದ ಕ್ಷಣದಿಂದ ಬಲ ತಡೆಯುವ ಶಕ್ತಿ ಜಾರತೊಡಗುತ್ತದೆ. ಈ ಜಾರುವಿಕೆಯನ್ನು ಬೀಮ್ ತೋರಿಸಲಾರದು; ಹಾಗಾಗಿ ಅಂತಿಮ ತೀರ್ಮಾನಕ್ಕೆ ಪೈಪಿನ ಗೋಡೆಯನ್ನೇ ತೆಳು ಹಾಳೆಯಂತೆ ತೋರಿಸುವ ಶೆಲ್ ಬೇಕೇ ಬೇಕು. ಘನ ಎಲಿಮೆಂಟುಗಳಿಂದ ಇಡೀ ಕೇಜನ್ನು ಮೆಶ್ ಮಾಡುವ ಹುಡುಗರೂ ಇದ್ದಾರೆ. ತೆಳುಗೋಡೆಯ ಪೈಪಿಗೆ ಅದು ಕಂಪ್ಯೂಟರಿಗೆ ಕೊಡುವ ಶಿಕ್ಷೆಯೇ ಹೊರತು ನಿಖರತೆಯಲ್ಲ, ಏಕೆಂದರೆ ದಪ್ಪದ ದಿಕ್ಕಿನಲ್ಲಿ ಒಂದೇ ಎಲಿಮೆಂಟ್ ಇಟ್ಟರೆ ಬಾಗುವಿಕೆಯೇ ಸರಿಯಾಗಿ ಬರುವುದಿಲ್ಲ.

ಮೆಶ್ ಎಷ್ಟು ಸಣ್ಣದಿರಬೇಕು?

ಪೈಪಿನ ಸುತ್ತಳತೆಗೆ ಕನಿಷ್ಠ 16, ಕೀಲುಗಳ ಬಳಿ 24 ಎಲಿಮೆಂಟುಗಳಿರಲಿ. 40 ಮಿ.ಮೀ. ಪೈಪಿಗೆ ಇದು 8 ಮತ್ತು 5 ಮಿ.ಮೀ. ಆಗುತ್ತದೆ. ದಪ್ಪದಲ್ಲಿ ಐದು ಇಂಟಿಗ್ರೇಶನ್ ಬಿಂದುಗಳನ್ನು (ಸ್ಟ್ರೆಸ್ ಲೆಕ್ಕ ಹಾಕುವ ಜಾಗಗಳನ್ನು) ಕೊಡಿ. ಮೆಶ್ಶನ್ನು ಅರ್ಧಕ್ಕೆ ಇಳಿಸಿ ಇನ್ನೊಮ್ಮೆ ಓಡಿಸಿದಾಗ ಗರಿಷ್ಠ ಬಲ ಬದಲಾಗದಿದ್ದರೆ ಅಲ್ಲಿಗೆ ನಿಲ್ಲಿಸಿ.

ಉಕ್ಕಿನ ಗುಣಗಳನ್ನು ಎಲ್ಲಿಂದ ತರುವುದು?

ಪೈಪಿನ ಜೊತೆ ಬರುವ ಟೆಸ್ಟ್ ಸರ್ಟಿಫಿಕೇಟಿನಲ್ಲಿ ಯೀಲ್ಡ್ (ಉಕ್ಕು ಮರಳದಂತೆ ಬಾಗತೊಡಗುವ ಸ್ಟ್ರೆಸ್), ಗರಿಷ್ಠ ಸ್ಟ್ರೆಸ್ ಮತ್ತು ಶೇಕಡಾವಾರು ಉದ್ದವಾಗುವಿಕೆ ಮಾತ್ರ ಇರುತ್ತವೆ. ಸ್ಟ್ರೇನ್ ಏರಿದಂತೆ ಸ್ಟ್ರೆಸ್ ಹೇಗೆ ಏರುತ್ತದೆ ಎಂಬ ಇಡೀ ಗೆರೆ ಇರುವುದಿಲ್ಲ. ಕೊಂಡ ಪೈಪಿನಿಂದಲೇ ಒಂದು ಪಟ್ಟಿಯನ್ನು ಉದ್ದಕ್ಕೆ ಕತ್ತರಿಸಿ, ಕಾಲೇಜಿನ ಯುಟಿಎಂ ಎಂಬ ಎಳೆದು ಪರೀಕ್ಷಿಸುವ ಯಂತ್ರದಲ್ಲಿ ಎಳೆಸಿ ನೋಡುವುದು ಉತ್ತಮ. ಹಾಗೆ ಬಂದ ಗೆರೆಯನ್ನು ಯಥಾವತ್ತಾಗಿ ಸಾಫ್ಟ್‌ವೇರಿಗೆ ಕೊಡಬಾರದು, ಏಕೆಂದರೆ ಯಂತ್ರವು ಆರಂಭದ ಅಡ್ಡಕೊಯ್ತವನ್ನೇ ಹಿಡಿದು ಲೆಕ್ಕ ಹಾಕಿರುತ್ತದೆ. ಸಾಫ್ಟ್‌ವೇರಿಗೆ ಬೇಕಾದದ್ದು ಎಳೆತದಲ್ಲಿ ಸಣ್ಣಗಾಗುತ್ತಿರುವ ಅಡ್ಡಕೊಯ್ತದ ನಿಜ ಸ್ಟ್ರೆಸ್. ಯಂತ್ರ 0.15 ಸ್ಟ್ರೇನಿನಲ್ಲಿ 350 ಮೆಗಾಪ್ಯಾಸ್ಕಲ್ ತೋರಿಸಿದರೆ ನಿಜ ಸ್ಟ್ರೆಸ್ 402, ನಿಜ ಸ್ಟ್ರೇನ್ 0.14. ಈ ಪರಿವರ್ತನೆ ಪೈಪು ಒಂದೆಡೆ ಕುತ್ತಿಗೆಯಂತೆ ಸೊರಗತೊಡಗುವ ತನಕ ಮಾತ್ರ ನಡೆಯುತ್ತದೆ.

ಇನ್ನೊಂದು ಮಾತು. ಎಫ್‌ಐಎ ನಿಯಮ ಕೇಳುವುದು ತಣ್ಣಗೆ ಎಳೆದ, ಜೋಡುಗೆರೆಯಿಲ್ಲದ ಪೈಪನ್ನು. ಅಂಗಡಿಯಲ್ಲಿ ‘ಸೀಮ್‌ಲೆಸ್’ ಎಂದು ಕೊಟ್ಟದ್ದರ ಒಳಗೆ ಬೆರಳಾಡಿಸಿ ನೋಡಿ. ಉದ್ದಕ್ಕೂ ಒಂದು ಏಣು ತಾಗಿದರೆ ಅದು ತಗಡನ್ನು ಸುತ್ತಿ ಬೆಸೆದ ಇಆರ್‌ಡಬ್ಲ್ಯೂ ಪೈಪು.

ಬಗ್ಗಿಸಿದ ಜಾಗದಲ್ಲಿ ಪೈಪು ತೆಳುವಾಗುತ್ತದಲ್ಲ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ?

ತೆಗೆದುಕೊಳ್ಳಬೇಕು. ಪೀಣ್ಯದ ಒಂದು ಶೆಡ್ಡಿನಲ್ಲಿ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪದ ಪೈಪನ್ನು ಬಗ್ಗಿಸಿದ ಮೇಲೆ, ಉಳಿಕೆ ತುಂಡನ್ನು ತಿರುವಿನ ನಡುವೆ ಗರಗಸದಿಂದ ಕೊಯ್ಯಿಸಿ ವರ್ನಿಯರ್ ಹಿಡಿದು ನೋಡಿದ್ದೆವು. ಹೊರಮೈ 2.3 ಮಿ.ಮೀ.ಗೆ ಇಳಿದಿತ್ತು, ಒಳಮೈ ಅಷ್ಟೇ ದಪ್ಪಗಾಗಿತ್ತು, ದುಂಡಗಿದ್ದ ಬಾಯಿ ಬರಿಗಣ್ಣಿಗೇ ತಿಳಿಯುವಷ್ಟು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಬೆಂಡಿಂಗ್ ಯಂತ್ರದಲ್ಲಿದ್ದ ಹಿರಿಯರು ಅದನ್ನು ನೋಡಿ, “ಇದು ಒಳ್ಳೇ ಬೆಂಡು ಸಾರ್, ಕೆಟ್ಟದ್ದನ್ನ ನೀವು ನೋಡೇ ಇಲ್ಲ” ಎಂದರು. ಅವರ ಮಾತು ಸರಿ. ತಿರುವಿನ ತ್ರಿಜ್ಯ ವ್ಯಾಸದ ಮೂರು ಪಟ್ಟಾದರೂ ಇರಬೇಕು, ಮೊಟ್ಟೆಯಾಕಾರದ ಕಿರಿ ವ್ಯಾಸ ಹಿರಿಯದರ ಹತ್ತನೇ ಒಂಬತ್ತು ಪಾಲಿಗಿಂತ ಕಡಿಮೆಯಾಗಬಾರದು ಎಂದು ಎಫ್‌ಐಎ ಹೇಳುವುದು ಇದಕ್ಕಾಗಿಯೇ. ಮಾದರಿಯಲ್ಲಿ ತಿರುವಿನ ಹೊರಮೈಗೆ ಅಳೆದ ದಪ್ಪವನ್ನೇ ಕೊಡಿ. ಬಗ್ಗಿಸುವಾಗ ಉಕ್ಕು ಗಡಸಾಗುತ್ತದೆ ಎಂಬ ಲಾಭವನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಒಳ್ಳೆಯದು. ಅದೇ ಗಡಸುತನ ಇನ್ನಷ್ಟು ಹಿಗ್ಗುವ ಶಕ್ತಿಯನ್ನು ಕಡಿಮೆ ಮಾಡಿರುತ್ತದೆ.

ವೆಲ್ಡಿಂಗನ್ನು ಮಾದರಿಯಲ್ಲಿ ಹೇಗೆ ತೋರಿಸುವುದು?

ಹೆಚ್ಚಿನವರು ಎರಡು ಪೈಪಿನ ನೋಡ್‌ಗಳನ್ನು (ಎಲಿಮೆಂಟುಗಳು ಕೂಡುವ ಬಿಂದುಗಳನ್ನು) ಒಂದಾಗಿಸಿ ಮುಂದೆ ಹೋಗುತ್ತಾರೆ. ಹಾಗೆ ಮಾಡಿದ ಕೀಲು ಎಂದಿಗೂ ಮುರಿಯುವುದಿಲ್ಲ, ನಿಜವಾದ ಕೀಲಿಗೆ ಆ ಭಾಗ್ಯವಿಲ್ಲ. ಬೆಸುಗೆಯ ಅಂಚಿನಿಂದ ಕೆಲವು ಮಿಲಿಮೀಟರಿನಷ್ಟು ಅಗಲದ ಪಟ್ಟಿಯಲ್ಲಿ ಶಾಖ ತಗುಲಿ ಉಕ್ಕಿನ ಗುಣವೇ ಬದಲಾಗಿರುತ್ತದೆ. ತಣ್ಣಗೆ ಎಳೆದು ಗಡಸಾಗಿಸಿದ ಪೈಪು ಅಲ್ಲಿ ಮೆತ್ತಗಾಗುತ್ತದೆ. 4130 ಬೇಗ ತಣಿದರೆ ಅಲ್ಲಿಯೇ ಪೆಡಸಾಗುತ್ತದೆ. ಆ ಪಟ್ಟಿಗೆ ಬೇರೆ ಮೆಟೀರಿಯಲ್ ಕಾರ್ಡ್ (ಉಕ್ಕಿನ ಗುಣಗಳ ದಾಖಲೆ) ಕೊಟ್ಟು, ಒಂದು ಮಿತಿಯ ಸ್ಟ್ರೇನ್ ದಾಟಿದರೆ ಎಲಿಮೆಂಟ್ ಅಳಿಯುವಂತೆ ಮಾಡಬೇಕು. ಆ ಮಿತಿಯನ್ನು ಪುಸ್ತಕದಿಂದ ಎತ್ತಿಕೊಳ್ಳಬೇಡಿ, ಅದು ಮೆಶ್ ಗಾತ್ರದೊಂದಿಗೇ ಬದಲಾಗುತ್ತದೆ. ನಿಮ್ಮ ವೆಲ್ಡರ್ ಕೈಯಲ್ಲೇ ಒಂದು ‘ಟಿ’ ಆಕಾರದ ಕೀಲು ಮಾಡಿಸಿ, ಒತ್ತಿ, ಬಿರುಕು ಬಿಟ್ಟ ಹಂತಕ್ಕೆ ಮಾದರಿಯನ್ನು ಹೊಂದಿಸಿಕೊಳ್ಳಿ. ಒಂದು ಕೀಲಿಗೆ ಅರ್ಧ ದಿನದ ಕೆಲಸ. ಇದಕ್ಕೆ ಸಮಯವಿಲ್ಲವೆನ್ನುವ ತಂಡಗಳು ಬಣ್ಣದ ಚಿತ್ರಗಳನ್ನು ಅಂದಗೊಳಿಸಲು ಎರಡು ದಿನ ಕಳೆಯುವುದನ್ನು ಕಂಡಿದ್ದೇನೆ.

ಕೇಜಿನ ಪಾದಗಳನ್ನು ಅಲುಗದಂತೆ ಬಿಗಿದುಬಿಟ್ಟರೆ ಆಗದೇ?

ನಾನೂ ಒಮ್ಮೆ ಹಾಗೆಯೇ ಮಾಡಿದ್ದೆ. ಎಲ್ಲ ಪಾದಗಳ ಎಲ್ಲ ಚಲನೆಗಳನ್ನೂ ಸೊನ್ನೆಯಾಗಿಸಿ ಓಡಿಸಿದಾಗ ಕೇಜ್ ನಿರಾಯಾಸವಾಗಿ ಪಾಸಾಯಿತು. ಜ್ಯಾಕಿನ ಕೆಳಗೆ ಇಟ್ಟಾಗ ಪೈಪುಗಳಿಗೆ ಏನೂ ಆಗಲಿಲ್ಲ. ಪಾದದ ಕೆಳಗಿನ ತಗಡು ಡಬ್ಬಿಯ ಮುಚ್ಚಳದಂತೆ ಒಂದು ಅಂಚಿನಲ್ಲಿ ಎದ್ದು, ಇಡೀ ಕಮಾನು ಓರೆಯಾಗಿ ವಾಲಿತು. ಎಫ್‌ಐಎ ನಿಯಮದಲ್ಲಿ ಪ್ರತಿ ಪಾದದ ಕೆಳಗೆ ಕನಿಷ್ಠ 3 ಮಿ.ಮೀ. ದಪ್ಪ, 120 ಚದರ ಸೆಂ.ಮೀ. ವಿಸ್ತಾರದ ಬಲಪಟ್ಟಿ ಹಾಗೂ ಕನಿಷ್ಠ ಮೂರು ಎಂ8 ಬೋಲ್ಟುಗಳು ಇರಬೇಕೆಂಬುದು ಸುಮ್ಮನೆ ಬರೆದ ಸಾಲಲ್ಲ. ಬಲಪಟ್ಟಿ, ಬೋಲ್ಟು, ಸುತ್ತಲಿನ ನೆಲದ ತಗಡು ಇವಿಷ್ಟೂ ಮಾದರಿಯಲ್ಲಿರಲಿ, ಅದರಾಚೆ ಎಲ್ಲಿ ಬೇಕಾದರೂ ಬಿಗಿಯಿರಿ. ಫಲಕಕ್ಕೂ ಪೈಪಿಗೂ ನಡುವೆ ಘರ್ಷಣೆಯನ್ನು ಕೊಡಲು ಮರೆಯಬೇಡಿ. ಘರ್ಷಣೆ ಸೊನ್ನೆಯಾದರೆ ಕೇಜ್ ಫಲಕದ ಕೆಳಗಿಂದ ಸೋಪಿನಂತೆ ಜಾರಿಕೊಳ್ಳುತ್ತದೆ.

ಇಂಪ್ಲಿಸಿಟ್ ಒಳ್ಳೆಯದೋ, ಎಕ್ಸ್‌ಪ್ಲಿಸಿಟ್ ಒಳ್ಳೆಯದೋ?

ನಿಧಾನವಾದ ಪರೀಕ್ಷೆಯಾದ್ದರಿಂದ ಪ್ರತಿ ಹೆಜ್ಜೆಯಲ್ಲೂ ಬಲಗಳು ಸಮತೋಲಕ್ಕೆ ಬರುವ ತನಕ ಲೆಕ್ಕ ಹಾಕುವ ಇಂಪ್ಲಿಸಿಟ್ ವಿಧಾನವೇ ಸ್ವಭಾವತಃ ಹೊಂದುತ್ತದೆ. ಆದರೆ ಪೈಪು ಮಡಿಚಿ ಬಲ ಇಳಿಯತೊಡಗಿದಾಗ, ಒಂದು ಪೈಪು ಇನ್ನೊಂದಕ್ಕೆ ತಾಗಿದಾಗ ಲೆಕ್ಕ ಕೂಡಿಬರದೆ ನಿಂತುಬಿಡುತ್ತದೆ. ಆಗ ಸಮತೋಲಕ್ಕೆ ಕಾಯದೆ ಕಾಲದ ಪುಟ್ಟ ಪುಟ್ಟ ಹೆಜ್ಜೆಗಳಲ್ಲಿ ಸಾಗುವ ಎಕ್ಸ್‌ಪ್ಲಿಸಿಟ್‌ಗೆ ಹೋಗಬೇಕು. ಅದರ ಕಷ್ಟ ಬೇರೆ. ಉಕ್ಕಿನ ತಗಡಿನಲ್ಲಿ ಅಲೆ ಸೆಕೆಂಡಿಗೆ 5 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಸಾಗುತ್ತದೆ. ಅದು 5 ಮಿ.ಮೀ. ಎಲಿಮೆಂಟನ್ನು ದಾಟುವುದಕ್ಕೆ ಬೇಕಾದ ಸಮಯಕ್ಕಿಂತ, ಅಂದರೆ ಮೈಕ್ರೋಸೆಕೆಂಡಿಗಿಂತ ತುಸು ಕಡಿಮೆ ಕಾಲಕ್ಕಿಂತ, ದೊಡ್ಡ ಹೆಜ್ಜೆ ಇಡುವಂತಿಲ್ಲ. ಹತ್ತು ಸೆಕೆಂಡಿನ ಪರೀಕ್ಷೆಗೆ ಕೋಟಿಗೂ ಮೀರಿದ ಹೆಜ್ಜೆಗಳಾಗುತ್ತವೆ. ಅದಕ್ಕಾಗಿ ಫಲಕವನ್ನು ನಿಜಕ್ಕಿಂತ ವೇಗವಾಗಿ ಓಡಿಸಿ, 0.2 ಸೆಕೆಂಡಿನಲ್ಲಿ ಮುಗಿಸುವುದು ರೂಢಿ. ಚಲನಶಕ್ತಿಯು ಒಳಶಕ್ತಿಯ (ಬಾಗುವ ಪೈಪುಗಳಲ್ಲಿ ಸೇರಿದ ಶಕ್ತಿ) ಶೇ. 5ರೊಳಗೆ ಇದ್ದರೆ ಇದು ನ್ಯಾಯವೇ.

ಆದರೆ ಇಲ್ಲೊಂದು ಬಲೆ ಇದೆ, ಅನುಭವಿಗಳೂ ಬೀಳುತ್ತಾರೆ. ಕ್ರ್ಯಾಶ್ ಕೆಲಸದಿಂದ ಎತ್ತಿಕೊಂಡ ಮೆಟೀರಿಯಲ್ ಕಾರ್ಡಿನಲ್ಲಿ ಕೌಪರ್-ಸೈಮಂಡ್ಸ್ ಎಂಬ, ವೇಗ ಹೆಚ್ಚಿದಷ್ಟೂ ಉಕ್ಕನ್ನು ಬಲಪಡಿಸುವ ಸೂತ್ರ ಇರುತ್ತದೆ. ಮೆದು ಉಕ್ಕಿಗೆ ಸಾಮಾನ್ಯವಾಗಿ ಬಳಸುವ 40.4 ಮತ್ತು 5 ಎಂಬ ಅಂಕಿಗಳನ್ನೇ ಇಟ್ಟರೆ, ಸ್ಟ್ರೇನ್ ದರ ಸೆಕೆಂಡಿಗೆ 1 ಆದಾಗ ಯೀಲ್ಡ್ ಸುಮಾರು ಶೇ. 48ರಷ್ಟು ಏರುತ್ತದೆ; ನಿಜ ಪರೀಕ್ಷೆಯ 0.001ರ ಆಸುಪಾಸಿನ ದರದಲ್ಲಿ ಏರುವುದು ಶೇ. 12 ಮಾತ್ರ. ಸಮಯ ಉಳಿಸಲು ನೀವು ಹೆಚ್ಚಿಸಿದ ವೇಗವೇ ಕೇಜನ್ನು ಪುಕ್ಕಟೆಯಾಗಿ ಗಟ್ಟಿ ಮಾಡಿಬಿಡುತ್ತದೆ. ಕ್ರಶ್ ಟೆಸ್ಟಿನಲ್ಲಿ ಆ ಸೂತ್ರವನ್ನು ತೆಗೆದುಬಿಡಿ.

ಬಂದ ಉತ್ತರ ಸರಿಯೆಂದು ತಿಳಿಯುವುದು ಹೇಗೆ?

ಮೊದಲು ಕಾಗದ, ಪೆನ್ನು. 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪದ ಪೈಪಿನ ಪ್ಲಾಸ್ಟಿಕ್ ಮಾಡ್ಯುಲಸ್ (ಅಡ್ಡಕೊಯ್ತದ ಅಳತೆಯಿಂದ ಬರುವ ಅಂಕಿ) ಸುಮಾರು 4520 ಘನ ಮಿ.ಮೀ.; ಯೀಲ್ಡ್ 300 ಮೆಗಾಪ್ಯಾಸ್ಕಲ್ ಎಂದಾದರೆ ಅದು ಸುಮಾರು 1356 ನ್ಯೂಟನ್ ಮೀಟರಿನಲ್ಲಿ ಮಡಿಯುತ್ತದೆ. 1.2 ಮೀಟರ್ ಎತ್ತರದ, ಓರೆಪಟ್ಟಿಯಿಲ್ಲದ ಬರಿಯ ಕಮಾನನ್ನು ಪಕ್ಕದಿಂದ ತಳ್ಳಿದರೆ ಎರಡು ಪಾದ, ಎರಡು ಭುಜ, ಹೀಗೆ ನಾಲ್ಕು ಕಡೆ ಮಡಿಯಬೇಕು. ನಾಲ್ಕು ಸಲ 1356 ಭಾಗಿಸು 1.2, ಅಂದರೆ 4.5 ಕಿಲೋನ್ಯೂಟನ್. ಇದು 460 ಕೆ.ಜಿ. ತೂಕಕ್ಕೆ ಸಮ, 1300 ಕೆ.ಜಿ.ಯ ಕಾರು ಪಕ್ಕಕ್ಕೆ ಉರುಳಿದರೆ ತನ್ನ ತೂಕದ ಅರ್ಧವನ್ನೂ ಈ ಕಮಾನು ತಡೆಯದು. ಒಂದೇ ಒಂದು ಓರೆಪಟ್ಟಿ ಬೆಸೆದರೆ ಪೈಪುಗಳು ಬಾಗುವ ಬದಲು ಎಳೆತ ಮತ್ತು ಒತ್ತುಗಳಲ್ಲಿ ಕೆಲಸ ಮಾಡತೊಡಗಿ ಚಿತ್ರವೇ ಬದಲಾಗುತ್ತದೆ. ನಿಮ್ಮ ಮಾದರಿಯಿಂದ ಓರೆಪಟ್ಟಿಯನ್ನು ತೆಗೆದು ಓಡಿಸಿ ನೋಡಿ. 4.5ರ ಹತ್ತಿರ, ಉಕ್ಕು ಗಡಸಾಗುವುದರಿಂದ ತುಸು ಮೇಲೆ ಬಂದರೆ ಸರಿ. 9 ಬಂದರೆ ಎಲ್ಲೋ ಎಡವಿದ್ದೀರಿ.

ಆಮೇಲೆ ಶಕ್ತಿಯ ಲೆಕ್ಕ. ಫಲಕ ಮಾಡಿದ ಕೆಲಸ, ಅಂದರೆ ಬಲ ಮತ್ತು ಚಲನೆಯ ಗೆರೆಯ ಕೆಳಗಿನ ವಿಸ್ತೀರ್ಣ, ಪೈಪುಗಳಲ್ಲಿ ಸೇರಿದ ಶಕ್ತಿಗೆ ಹೊಂದಬೇಕು. ಅವರ್‌ಗ್ಲಾಸ್ ಶಕ್ತಿ (ಎಲಿಮೆಂಟುಗಳ ಹುಸಿ ಸೊಟ್ಟಾಗುವಿಕೆಯಲ್ಲಿ ಸೇರುವ ಶಕ್ತಿ) ಶೇ. 5 ದಾಟಿದರೆ ಆ ಓಟವನ್ನು ಬದಿಗಿಡಿ.

ಚಿತ್ರದಲ್ಲಿ ಕೆಂಪು ಬಣ್ಣ ಬಂದರೆ ಕೇಜ್ ಫೇಲಾದಂತೆಯೇ?

ಇಲ್ಲ. ಕೆಂಪು ತೋರಿಸುವುದು ಸ್ಟ್ರೆಸ್ ಹೆಚ್ಚಿದ ಜಾಗವನ್ನಷ್ಟೇ. ಯೀಲ್ಡ್ ದಾಟದೆ ಶಕ್ತಿ ನುಂಗುವ ಕೇಜ್ ಇರಲಾರದು. ಬಾಗುವುದೇ ಅದರ ಕೆಲಸ. ಲೀನಿಯರ್ (ಉಕ್ಕು ಯೀಲ್ಡ್ ದಾಟುವುದೇ ಇಲ್ಲವೆಂದು ಹಿಡಿದ) ಲೆಕ್ಕ ಮಾಡಿ “ಸುರಕ್ಷಾ ಗುಣಾಂಕ 2.1” ಎಂದು ವರದಿ ಬರೆಯುವ ಪದ್ಧತಿ ನಮ್ಮ ಕಾಲೇಜುಗಳಲ್ಲಿ ಬೇರೂರಿದೆ. ಯೀಲ್ಡ್ ದಾಟಿದ ಮೇಲೆ ಏನಾಗುತ್ತದೆ ಎಂಬುದೇ ಪ್ರಶ್ನೆಯಾಗಿರುವಾಗ ಆ ಅಂಕಿಗೆ ಅರ್ಥವಿಲ್ಲ. ನೋಡಬೇಕಾದದ್ದು ಮೂರು: ಬಲದ ಗೆರೆ ಎಲ್ಲಿ ಶಿಖರ ಮುಟ್ಟಿ ಇಳಿಯುತ್ತದೆ, ಯಾವ ಕೀಲು ಮೊದಲು ಮಡಿಯುತ್ತದೆ, ಚಾಲಕನ ತಲೆಗೆ ಮೀಸಲಾದ ಜಾಗದೊಳಗೆ ಪೈಪು ನುಗ್ಗುತ್ತದೆಯೇ. ಮೂರನೆಯದನ್ನು ಕಾಣಲು ಆ ಜಾಗವನ್ನೇ ಒಂದು ಗಟ್ಟಿ ಪೆಟ್ಟಿಗೆಯಂತೆ ಮಾದರಿಯಲ್ಲಿ ಇಟ್ಟುಬಿಡಿ.

ದುಬಾರಿ ಸಾಫ್ಟ್‌ವೇರ್ ಇಲ್ಲದೆ ಆಗುವುದಿಲ್ಲವೇ?

ಆಗುತ್ತದೆ. ಎಲ್‌ಎಸ್-ಡೈನಾ, ಅಬಾಕಸ್ ಉದ್ಯಮದ ರೂಢಿ. ರೇಡಿಯಾಸ್‌ನ ಮುಕ್ತ ರೂಪವಾದ ಓಪನ್‌ರೇಡಿಯಾಸ್ 2022ರಿಂದ ಯಾರಿಗೂ ಉಚಿತವಾಗಿ ಸಿಗುತ್ತದೆ. ಇಂಪ್ಲಿಸಿಟ್ ಕೆಲಸಕ್ಕೆ ಕ್ಯಾಲ್ಕುಲಿಕ್ಸ್ ಇದೆ. ಕೇಜ್ ಗಾತ್ರದ ಶೆಲ್ ಮಾದರಿ ಒಳ್ಳೆಯ ಡೆಸ್ಕ್‌ಟಾಪಿನಲ್ಲಿ ಒಂದು ರಾತ್ರಿಯಲ್ಲಿ ಮುಗಿಯುತ್ತದೆ. ರಾತ್ರಿ ಕರೆಂಟು ಹೋಗುವ ಬಡಾವಣೆಯಾದರೆ ರೀಸ್ಟಾರ್ಟ್ ಫೈಲ್ ಬರೆಯುವ ಆಯ್ಕೆಯನ್ನು ಹಾಕಿಯೇ ಮಲಗಿ.

ಸಿಮ್ಯುಲೇಶನ್ ಇದ್ದರೆ ನಿಜ ಪರೀಕ್ಷೆ ಬೇಡವೇ?

ಬಸ್ಸಿನ ವಿಷಯದಲ್ಲಿ ವಿಶ್ವಸಂಸ್ಥೆಯ 66ನೇ ನಿಯಮ ಕಂಪ್ಯೂಟರ್ ಲೆಕ್ಕವನ್ನು ಒಂದು ಸಮಾನ ಮಾರ್ಗವಾಗಿ ಒಪ್ಪುತ್ತದೆ. ಆದರೆ ಆ ಲೆಕ್ಕ ನಿಜ ಪರೀಕ್ಷೆಗಳೊಡನೆ ತಾಳೆಯಾಗಿದೆಯೆಂದು ತೋರಿಸಬೇಕು. ಟ್ರ್ಯಾಕ್ಟರಿಗೆ ನಿಜ ಪರೀಕ್ಷೆ ತಪ್ಪದು. ಮಧ್ಯಪ್ರದೇಶದ ಬುದ್ನಿಯ ಕೇಂದ್ರದಲ್ಲಿ ಟ್ರ್ಯಾಕ್ಟರುಗಳನ್ನು, ಪುಣೆಯ ಎಆರ್‌ಎಐ ಮತ್ತು ಚೆನ್ನೈ ಬಳಿಯ ಒರಗಡಂನ ಕೇಂದ್ರದಲ್ಲಿ ಇತರ ವಾಹನಗಳನ್ನು ಪರೀಕ್ಷಿಸುತ್ತಾರೆ. ಬೆಂಗಳೂರಿನಿಂದ ಚೌಕಟ್ಟನ್ನು ಲಾರಿಯಲ್ಲಿ ಅಷ್ಟು ದೂರ ಸಾಗಿಸಿ, ಮೊದಲ ಒತ್ತಿಗೇ ಬೆಸುಗೆ ಬಿಟ್ಟು, ಅದೇ ಲಾರಿಯಲ್ಲಿ ವಾಪಸು ತರುವುದನ್ನು ತಪ್ಪಿಸುವುದಕ್ಕಾಗಿಯೇ ಸಿಮ್ಯುಲೇಶನ್.

ದಿನನಿತ್ಯ ಓಡಿಸುವ ಕಾರಿಗೂ ಕೇಜ್ ಹಾಕಿಸಬಹುದೇ?

ಬೇಡ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ನೋಂದಣಿಯಾದ ವಾಹನದ ಮೂಲ ವಿವರಗಳನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ, ಅದು ಒಂದು ಕಾರಣ. ದೊಡ್ಡ ಕಾರಣ ಬೇರೆಯಿದೆ. ಕೇಜಿನ ಎಲ್ಲ ಲೆಕ್ಕವೂ ಚಾಲಕ ಹೆಲ್ಮೆಟ್ ಧರಿಸಿದ್ದಾನೆ, ಹಲವು ಪಟ್ಟಿಗಳ ಬೆಲ್ಟಿನಲ್ಲಿ ಸೀಟಿಗೆ ಬಿಗಿಯಾಗಿ ಅಂಟಿಕೊಂಡಿದ್ದಾನೆ ಎಂಬುದರ ಮೇಲೆ ನಿಂತಿದೆ. ಹೊಸೂರು ರಸ್ತೆಯ ಸಿಗ್ನಲಿನಲ್ಲಿ ಹಿಂದಿನಿಂದ ಯಾರೋ ಮೆಲ್ಲಗೆ ಗುದ್ದಿದರೂ ಬರಿದಲೆ ಹೋಗಿ ಬಡಿಯುವುದು ತಲೆಯಿಂದ ಗೇಣಿನ ದೂರದಲ್ಲಿರುವ ಉಕ್ಕಿನ ಪೈಪಿಗೆ.